ನ್ಯಾಟ್ ಕಿಂಗ್ ಕೋಲ್: ಹಾಡಿನ ಹಿಂದೆ ಉಳಿದ ಪಿಯಾನೊ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಕಪ್ಪು ಗಾಯಕ, ಪಿಯಾನೊ ವಾದಕ ನ್ಯಾಟ್ ಕಿಂಗ್ ಕೋಲ್ ಅಂದ ತಕ್ಷಣ ಎಲ್ಲರೂ ಆ ಮೆತ್ತನೆಯ ದನಿಯನ್ನೇ ಹೊಗಳುತ್ತಾರೆ. ಹೊಗಳಲಿ. ನಾನು ಇವತ್ತು ಅವರ ಬೆರಳುಗಳ ಪರವಾಗಿ ವಾದ ಮಾಡಲು ಬಂದಿದ್ದೇನೆ.

ಹುಟ್ಟಿದ್ದು 1919ರಲ್ಲಿ, ಅಲಬಾಮದ ಮಾಂಟ್‌ಗೊಮರಿಯಲ್ಲಿ. ಬೆಳೆದದ್ದು ಶಿಕಾಗೋದಲ್ಲಿ. ಅಪ್ಪ ಬ್ಯಾಪ್ಟಿಸ್ಟ್ ಪಾದ್ರಿ. ಕೀಲಿಮಣೆ ಕಲಿಸಿದ್ದು ಅಮ್ಮ. ಹುಚ್ಚು ಹಿಡಿಸಿದ್ದು ಮಾತ್ರ ಜಾಝ್ ಪಿಯಾನೊ ವಾದಕ ಅರ್ಲ್ ಹೈನ್ಸ್. 1937ರಲ್ಲಿ ಒಂದು ಸಂಗೀತ ನಾಟಕದ ಜೊತೆ ಊರೂರು ಸುತ್ತುತ್ತಾ ಕ್ಯಾಲಿಫೋರ್ನಿಯಾ ಸೇರಿದರು. ಲಾಂಗ್ ಬೀಚ್‌ನಲ್ಲಿ ನಾಟಕ ನಿಂತೇಹೋಯಿತು. ಕೋಲ್ ವಾಪಸ್ ಹೋಗಲಿಲ್ಲ.

ಲಾಸ್ ಏಂಜಲೀಸ್‌ನಲ್ಲಿ ಟ್ರಿಯೊ, ಅಂದರೆ ಮೂವರ ತಂಡ, ಕಟ್ಟಿದರು. ಗಿಟಾರ್‌ಗೆ ಆಸ್ಕರ್ ಮೂರ್, ಬಾಸ್‌ಗೆ ವೆಸ್ಲಿ ಪ್ರಿನ್ಸ್. ಡ್ರಮ್ಸ್ ಇಲ್ಲವೇ ಇಲ್ಲ! ದೊಡ್ಡ ಬ್ಯಾಂಡುಗಳ ಕಾಲ ಅದು. ಲಯ ಹಿಡಿಯುವ ಹೊಣೆ ಈ ಮೂವರ ಮೇಲೇ. 1943ರಲ್ಲಿ ಅವರಿಗೆ ಹೆಸರು ತಂದ ಹಾಡು ‘ಸ್ಟ್ರೇಟನ್ ಅಪ್ ಆ್ಯಂಡ್ ಫ್ಲೈ ರೈಟ್’ ಹುಟ್ಟಿದ್ದು ಅಪ್ಪನ ಪ್ರವಚನದ ಕಥೆಯಿಂದ. ರಣಹದ್ದು ಪ್ರಾಣಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹಾರುತ್ತದೆ, ಮೇಲಿಂದ ಕೆಡವಿ ತಿನ್ನುತ್ತದೆ. ಕೋತಿ ತನ್ನ ಬಾಲವನ್ನು ಅದರ ಕುತ್ತಿಗೆಗೆ ಸುತ್ತಿ ಬಿಗಿಯುತ್ತದೆ. ನೆಟ್ಟಗೆ ಹಾರು ಅನ್ನುತ್ತದೆ!

ಮರುವರ್ಷ ಅದೇ ಊರಿನ ಫಿಲ್‌ಹಾರ್ಮೋನಿಕ್ ಸಭಾಂಗಣದ ಕಛೇರಿಯಲ್ಲಿ ಗಿಟಾರ್ ಹಿಡಿದು ಕೂತವರು ಲೆಸ್ ಪಾಲ್. ಕೋಲ್ ಪಿಯಾನೊದಲ್ಲಿ ಒಂದು ತುಣುಕು ಎಸೆಯುತ್ತಾರೆ, ಲೆಸ್ ಪಾಲ್ ಅದನ್ನೇ ಗಿಟಾರಿನಲ್ಲಿ ವಾಪಸ್ ಕೊಡುತ್ತಾರೆ. ಕೋಲ್ ಇನ್ನೊಂದು ಎಸೆಯುತ್ತಾರೆ, ಇನ್ನಷ್ಟು ತರಲೆಯದು. ಸಭಿಕರ ಕೂಗು ರೆಕಾರ್ಡಿಂಗ್‌ನಲ್ಲೇ ಕೇಳಿಸುತ್ತದೆ.

ಆಮೇಲೆ ಅವರ ಹಾಡುಗಳ ಹಿಂದೆ ಪಿಯಾನೊ ಬದಲು ಪಿಟೀಲುಗಳ ಹಿಂಡು ಬಂತು. 1948ರಲ್ಲಿ ‘ನೇಚರ್ ಬಾಯ್’, 1950ರಲ್ಲಿ ‘ಮೋನಾ ಲಿಸಾ’, ಎರಡೂ ಮೊದಲ ಸ್ಥಾನಕ್ಕೇರಿದವು. 1951ರ ಹೊತ್ತಿಗೆ ಟ್ರಿಯೊ ಮುಗಿದಿತ್ತು. ಅವರ ರೆಕಾರ್ಡುಗಳನ್ನು ಮಾರಿ ದುಡ್ಡು ಮಾಡಿದ ಕ್ಯಾಪಿಟಲ್ ಕಂಪನಿ ಹಾಲಿವುಡ್‌ನಲ್ಲಿ ಕಟ್ಟಿದ ದುಂಡನೆಯ ಕಟ್ಟಡಕ್ಕೆ ನ್ಯಾಟ್ ಕಟ್ಟಿಸಿದ ಮನೆ ಅಂತಲೇ ಹೆಸರು ಬಿತ್ತು.

ಸ್ವಂತ ಮನೆಯದು ಬೇರೆ ಕಥೆ. 1948ರಲ್ಲಿ ಲಾಸ್ ಏಂಜಲೀಸ್‌ನ ಹ್ಯಾನ್‌ಕಾಕ್ ಪಾರ್ಕ್ ಬಡಾವಣೆಯಲ್ಲಿ ಮನೆ ಕೊಂಡಾಗ ಬಿಳಿಯ ನೆರೆಹೊರೆಯವರು ತಕರಾರು ತೆಗೆದರು. ಅಯೋಗ್ಯರು ಇಲ್ಲಿಗೆ ಬರಬಾರದು ಅಂದರು. ಅಂಥವರು ಕಂಡರೆ ಮೊದಲು ದೂರು ಕೊಡುವವನೇ ನಾನು ಅಂದರಂತೆ ಕೋಲ್! 1956ರ ಏಪ್ರಿಲ್‌ನಲ್ಲಿ ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಿಳಿಯರ ಗುಂಪೊಂದು ವೇದಿಕೆಗೇ ನುಗ್ಗಿ ಅವರನ್ನು ಕೆಡವಿತು. ಅದು ಬಿಳಿಯರಿಗೆ ಮಾತ್ರ ಇಟ್ಟ ಕಾರ್ಯಕ್ರಮ. ಹಾಗಾಗಿ ಕಪ್ಪು ಜನರಿಂದಲೂ ಬೈಗುಳ ಬಿತ್ತು. ಆ ಟೀಕೆಯಲ್ಲಿ ಹುರುಳಿತ್ತು ಅಂತಲೇ ನನಗನಿಸುತ್ತದೆ. ಅದೇ ವರ್ಷದ ನವೆಂಬರ್‌ನಲ್ಲಿ ಎನ್‌ಬಿಸಿ ವಾಹಿನಿಯಲ್ಲಿ ಅವರದೇ ಟಿವಿ ಕಾರ್ಯಕ್ರಮ ಶುರುವಾಯಿತು. ಜನ ನೋಡಿದರು. ಆದರೆ ದೇಶಮಟ್ಟದ ಪ್ರಾಯೋಜಕ ಒಬ್ಬನೂ ಸಿಗಲಿಲ್ಲ. 1957ರ ಡಿಸೆಂಬರ್‌ನಲ್ಲಿ ಕೋಲ್ ತಾವೇ ನಿಲ್ಲಿಸಿದರು.

ಸಿಗರೇಟು ವಿಪರೀತ. 1965ರ ಫೆಬ್ರವರಿಯಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ ಬರೀ 45.

ಈಗ ಕೇಳಿಸುವುದು ‘ಆಫ್ಟರ್ ಮಿಡ್‌ನೈಟ್’ ಆಲ್ಬಮ್ಮಿನದು. 1956ರಲ್ಲಿ, ಇಷ್ಟೆಲ್ಲ ರಾದ್ಧಾಂತದ ನಡುವೆ, ಪುಟ್ಟ ತಂಡದ ಜೊತೆ ಮತ್ತೆ ಪಿಯಾನೊ ಮುಂದೆ ಕೂತು ರೆಕಾರ್ಡ್ ಮಾಡಿದ್ದು. ಇಲ್ಲೂ ಪಿಟೀಲು ಇದೆ, ಆದರೆ ಒಂದೇ: ಸ್ಟಫ್ ಸ್ಮಿತ್ ಅವರದು. ಹಾಡಿನ ಸಾಲು ಮುಗಿದ ಕೂಡಲೇ ಎಡಗೈ ಏನು ಮಾಡುತ್ತದೆ, ಸುಮ್ನೆ ಅಷ್ಟನ್ನೇ ಗಮನಿಸಿ.