ಉಸಿರಾಡುವ ಸರೋವರದ ದಡದಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಯಜಮಾನರಿಗೆ ನೀರು ಕಂಡರೆ ಭಯ. ಅವರ ಒಪ್ಪಿಗೆ ಪಡೆದೇ ಈ ಮಾತು ಹೇಳುತ್ತಿದ್ದೇನೆ. ಮದುವೆಯಾಗಿ 31 ವರ್ಷವಾದರೂ ನನಗೆ ಅದು ಗೊತ್ತಿರಲಿಲ್ಲ. ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಹೊರಟಾಗಲೆಲ್ಲ ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲಿನವರೆಗೆ ಬರುತ್ತಿದ್ದರು. ಲಾಂಚ್ ದಡಕ್ಕೆ ಬಂದ ಕೂಡಲೇ, "ನೀವೆಲ್ಲ ಹೋಗಿ ಬನ್ನಿ, ಕಾರಿನ ಹತ್ತಿರ ಒಬ್ಬರು ಇರಬೇಕಲ್ಲ" ಎಂದು ಉಳಿದುಬಿಡುತ್ತಿದ್ದರು. ಅವರಿಗಾಗಿ ನಾನು ಪ್ರಸಾದ ಕಟ್ಟಿಸಿಕೊಂಡು ಬರುತ್ತಿದ್ದೆ. ಅಷ್ಟೇ.

ಆ ಭಯ ನನಗೆ ತಿಳಿದದ್ದು ನ್ಯೂಜಿಲೆಂಡಿನ ಒಂದು ಸೇತುವೆಯ ಮೇಲೆ.

ಮಗಳು, ಅಳಿಯ ಆಕ್ಲೆಂಡಿನಲ್ಲಿದ್ದಾರೆ. ನಾನು ಶಾಲೆಯಿಂದ, ಅವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಎರಡು ತಿಂಗಳು ಇದ್ದು ಬರೋಣವೆಂದು ಹೋದೆವು. "ಅಮ್ಮಾ, ನೀವಿಬ್ಬರೇ ಎಲ್ಲಾದರೂ ಹೋಗಿ ಬನ್ನಿ. ಯಾವತ್ತೂ ಹೋಗಿಲ್ಲ" ಎಂದು ಮಗಳೇ ಕ್ವೀನ್ಸ್‌ಟೌನಿಗೆ ಟಿಕೆಟ್ ತೆಗೆಸಿಕೊಟ್ಟಳು. ಅದು ದಕ್ಷಿಣ ದ್ವೀಪದ ಒಂದು ಚಿಕ್ಕ ಊರು. ಅಲ್ಲಿ ಫೆಬ್ರವರಿ ಎಂದರೆ ಬೇಸಿಗೆ, ರಾತ್ರಿ ಎಂಟೂವರೆಗೂ ಬೆಳಕಿರುತ್ತದೆ. ಊರಿನ ಎದುರಿಗೇ ವಕಟಿಪು ಸರೋವರ. ಅದರಾಚೆ ಗರಗಸದ ಹಲ್ಲಿನಂಥ ಬೋಳು ಬೆಟ್ಟಸಾಲಿಗೆ ರಿಮಾರ್ಕಬಲ್ಸ್ ಎಂದು ಹೆಸರು. ತುದಿಯ ಎತ್ತರ 2,319 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930. ಆದರೆ ನಮ್ಮ ಗಿರಿಯ ಹಾಗೆ ಹಸಿರು ಹೊದ್ದು ಮಲಗಿದ ಬೆಟ್ಟವಲ್ಲ. ಬರೀ ಕಲ್ಲು. ಸಂಜೆ ಬಿಸಿಲು ಬಿದ್ದಾಗ ಆ ಕಲ್ಲು ಮೊದಲು ಬೆಲ್ಲದ ಬಣ್ಣ, ಆಮೇಲೆ ಕುಂಕುಮದ ಬಣ್ಣ ಆಗುತ್ತದೆ. ಮೊದಲ ದಿನ ನಾವಿಬ್ಬರೂ ಮಾತಿಲ್ಲದೆ ನೋಡುತ್ತ ಕೂತಿದ್ದೆವು.

ಈ ಸರೋವರ ಉಸಿರಾಡುತ್ತದೆ ಎನ್ನುತ್ತಾರೆ. ಹಿಮನದಿ ಕೊರೆದ ಕಣಿವೆಯಲ್ಲಿ ನಿಂತ ನೀರು ಇದು. ಉದ್ದ ಸುಮಾರು 80 ಕಿಲೋಮೀಟರ್, ಆಳ ಎಷ್ಟೆಂದರೆ ತಳ ಸಮುದ್ರಮಟ್ಟಕ್ಕಿಂತ ಕೆಳಗಿದೆ. ತಟ್ಟೆಯಲ್ಲಿ ನೀರು ತುಂಬಿ ಹಿಡಿದು ನಡೆದರೆ ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ತುಳುಕುತ್ತದಲ್ಲ, ಹಾಗೇ ಇಡೀ ಸರೋವರ ನಿಧಾನವಾಗಿ ತೂಗಾಡುತ್ತದೆ. ಊರಿನ ಮುಂದೆ ಇಪ್ಪತ್ತೈದು ಚಿಲ್ಲರೆ ನಿಮಿಷಕ್ಕೊಮ್ಮೆ ನೀರು ಏರಿ ಇಳಿಯುತ್ತದೆ. ಹೆಚ್ಚೆಂದರೆ ಒಂದು ಗೇಣು. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನ ಇದಕ್ಕೆ ಬೇರೆ ಕಥೆ ಹೇಳುತ್ತಾರೆ. ಮಟಾವು ಎಂಬ ರಾಕ್ಷಸ ಮನಾಟಾ ಎಂಬ ಹುಡುಗಿಯನ್ನು ಹೊತ್ತೊಯ್ದ. ಅವಳನ್ನು ಪ್ರೀತಿಸಿದ್ದ ಮಟಾಕೌರಿ, ಮಲಗಿದ್ದ ರಾಕ್ಷಸನಿಗೆ ಬೆಂಕಿಯಿಟ್ಟ. ಅವನ ಮೈ ಸುಟ್ಟು ನೆಲದಲ್ಲಿ ದೊಡ್ಡ ಗುಂಡಿಯಾಯಿತು, ಮಳೆ, ಹಿಮ ಸೇರಿ ಅದು ತುಂಬಿತು. ಕಾಲು ಮಡಚಿ ಮಲಗಿದ್ದವನ ಆಕಾರವೇ ಸರೋವರಕ್ಕೆ ಬಂತು. ಗ್ಲೆನಾರ್ಕಿ ಎಂಬ ಊರಿರುವುದು ಅವನ ತಲೆಯಲ್ಲಿ, ಕಿಂಗ್‌ಸ್ಟನ್ ಕಾಲಲ್ಲಿ, ಕ್ವೀನ್ಸ್‌ಟೌನ್ ಮಂಡಿಯ ಹತ್ತಿರ. ಎದೆ ಮಾತ್ರ ಸುಡಲಿಲ್ಲವಂತೆ. ನೀರು ಏರಿಳಿಯುವುದು ಆ ಎದೆಯ ಬಡಿತ.

ಇದನ್ನು ಓದಿ ಹೇಳಿದಾಗ ನಮ್ಮ ಯಜಮಾನರು ನೀರಿನ ಅಂಚಿನಲ್ಲಿ ಒಂದು ಬೆಣಚುಕಲ್ಲು ಇಟ್ಟರು. ಇಟ್ಟು ನಾಲ್ಕು ಮಾರು ಹಿಂದೆ ಬಂದು ಕೂತು, ಕಲ್ಲು ಮುಳುಗುತ್ತದೋ ಇಲ್ಲವೋ ಎಂದು ಗಡಿಯಾರ ನೋಡತೊಡಗಿದರು. ಅಷ್ಟು ದೂರ ಯಾಕೆ ಕೂತರೆಂದು ನನಗೆ ಹೊಳೆಯಲಿಲ್ಲ. ಮರುದಿನ ಅರ್ನ್‌ಸ್ಲಾ ಎಂಬ ಹಳೇ ಉಗಿಹಡಗಿನಲ್ಲಿ ಹೋದೆವು. 1912ರ ಹಡಗು, ಇವತ್ತಿಗೂ ಕಲ್ಲಿದ್ದಲಿನಲ್ಲೇ ಓಡುತ್ತದೆ. ಹತ್ತುವಾಗ ಇವರು ನನ್ನ ಕೈ ಬಿಗಿಯಾಗಿ ಹಿಡಿದಿದ್ದರು. ಹೋಗಿ ಬರುವಷ್ಟೂ ಹೊತ್ತು ಎಂಜಿನ್ ಕೋಣೆಯ ಕಟಕಟೆಗೆ ಆತು, ಕೆಳಗೆ ಒಲೆಗೆ ಕಲ್ಲಿದ್ದಲು ಎಸೆಯುವವರನ್ನೇ ನೋಡುತ್ತಿದ್ದರು. ಸರೋವರಕ್ಕೆ ಬೆನ್ನು.

ಮೂರನೆಯ ದಿನ ಕವರಾವ್ ಸೇತುವೆ. ಚಿನ್ನ ಹುಡುಕುವವರ ಕಾಲಕ್ಕೆ, 1880ರಲ್ಲಿ ಕಟ್ಟಿದ ತೂಗುಸೇತುವೆ ಅದು. ಕೆಳಗೆ 43 ಮೀಟರ್ ಆಳದಲ್ಲಿ ಹರಿಯುವ ಹಸಿರು ನದಿ ಆ ಸರೋವರದಿಂದಲೇ ಹೊರಟು ಬಂದದ್ದು. ಕಾಲಿಗೆ ರಬ್ಬರ್ ಹಗ್ಗ ಕಟ್ಟಿ ತಲೆಕೆಳಗಾಗಿ ಹಾರುವ ಬಂಜಿ ಜಂಪಿಂಗ್, ಕಾಯಂ ಜಾಗದಲ್ಲಿ ಹಣ ಪಡೆದು ಹಾರಿಸುವ ಉದ್ಯಮವಾಗಿ ಶುರುವಾದದ್ದು ಇಲ್ಲಿ, 1988ರ ನವೆಂಬರಿನಲ್ಲಿ. ಎ.ಜೆ. ಹ್ಯಾಕೆಟ್ ಮತ್ತು ಹೆನ್ರಿ ವಾನ್ ಆಷ್ ಎಂಬ ಇಬ್ಬರು ಅದನ್ನು ಶುರು ಮಾಡಿದರು. ಹಿಂದಿನ ವರ್ಷವಷ್ಟೇ ಹ್ಯಾಕೆಟ್ ಐಫೆಲ್ ಗೋಪುರದಿಂದ ಹಾರಿದ್ದರು.

ಇದರ ಬೇರು ಇನ್ನೂ ಹಳೆಯದು. ವನವಾಟು ದೇಶದ ಪೆಂಟಕಾಸ್ಟ್ ದ್ವೀಪದಲ್ಲಿ ಗೆಣಸಿನ ಬೆಳೆ ಚೆನ್ನಾಗಿ ಬರಲೆಂದು ಗಂಡಸರು ಕಾಲಿಗೆ ಬಳ್ಳಿ ಕಟ್ಟಿಕೊಂಡು ಮರದ ಅಟ್ಟಣಿಗೆಯಿಂದ ನೆಲದತ್ತ ಹಾರುತ್ತಾರೆ. ಆದರೆ ಅವರ ಕಥೆಯಲ್ಲಿ ಮೊದಲು ಹಾರಿದವಳು ಹೆಂಗಸು. ಗಂಡನ ಕಾಟ ತಾಳದೆ ಮರ ಹತ್ತಿದ್ದಳು, ಅವನು ಅಟ್ಟಿಸಿಕೊಂಡು ಬಂದ. ಕಾಲಿಗೆ ಬಳ್ಳಿ ಕಟ್ಟಿಕೊಂಡಿದ್ದ ಅವಳು ಹಾರಿ ಉಳಿದಳು. ಬಳ್ಳಿ ಇಲ್ಲದೆ ಹಿಂದೆಯೇ ಹಾರಿದ ಅವನು ಸತ್ತ. ಈ ಕಥೆ ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು.

ನಾನು ಹಾರಬೇಕೆಂದು ಮೊದಲೇ ನಿಶ್ಚಯಿಸಿಕೊಂಡಿದ್ದೆ. 29 ವರ್ಷ ಮಕ್ಕಳಿಗೆ ಸ್ಥಿತಿಸ್ಥಾಪಕತ್ವ ಪಾಠ ಮಾಡಿದವಳು ನಾನು. ಸ್ಪ್ರಿಂಗಿಗೆ ತೂಕ ನೇತುಹಾಕಿ ಅಳತೆಪಟ್ಟಿ ಹಿಡಿದು ಎಷ್ಟು ಹಿಗ್ಗಿತೆಂದು ಬರೆಸುತ್ತಿದ್ದೆ. ಈಗ ನಾನೇ ಆ ತೂಕ. ಅಲ್ಲಿನ ಹುಡುಗಿ ನನ್ನನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಕವನ್ನು ಮುಂಗೈ ಮೇಲೆ ಬರೆದಳು. ತೂಕಕ್ಕೆ ತಕ್ಕ ಹಗ್ಗ ಆರಿಸುತ್ತಾರೆ. ಹಗ್ಗ ಎಂದರೆ ಒಂದೇ ಎಳೆಯಲ್ಲ, ನೂರಾರು ಸಣ್ಣ ರಬ್ಬರ್ ಎಳೆಗಳ ಕಟ್ಟು. ಕಾಲಿಗೆ ಮೊದಲು ಟವೆಲ್ ಸುತ್ತಿ ಆಮೇಲೆ ಪಟ್ಟಿ ಬಿಗಿದರು. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಬಂದು, ನನ್ನ ಕೈಮೇಲಿನ ಅಂಕಿ ಓದಿ, ಮತ್ತೆ ಎಳೆದು ನೋಡಿದರು. ಆಮೇಲೆ "ನೀರು ಮುಟ್ಟಬೇಕೋ, ಬೇಡವೋ?" ಎಂದು ಕೇಳಿದರು. ಅಷ್ಟು ಕರಾರುವಾಕ್ಕಾಗಿ ಲೆಕ್ಕ ಹಾಕುತ್ತಾರೆ.

ಆಗ ನಮ್ಮ ಯಜಮಾನರ ಮುಖ ನೋಡಿದೆ. ಬಿಳಿಚಿಕೊಂಡಿದ್ದರು. "ರೀ, ಏನಾಯ್ತು?" ಅಂದೆ. "ನೀನು ಹಾರು. ನನ್ನ ಕೈಲಿ ಇಲ್ಲಿ ನಿಲ್ಲಕ್ಕಾಗ್ತಿಲ್ಲ ಕಣೇ. ಎತ್ತರ ಅಲ್ಲ, ಆ ನೀರು" ಅಂದರು.

ನಾನು ಹಾರಿದೆ. ಬೀಳುವಾಗಿನ ಆ ಎರಡು ಮೂರು ಕ್ಷಣ ಕಿವಿಯಲ್ಲಿ ಗಾಳಿ ಬಿಟ್ಟರೆ ಏನೂ ಇರಲಿಲ್ಲ, ಅಮ್ಮಾ ಎಂದು ಕೂಗಿದ್ದೂ ನನಗೆ ನೆನಪಿಲ್ಲ. ಬೆರಳ ತುದಿಗೆ ನದಿ ತಾಕಿತು, ಹಗ್ಗ ಎಳೆದುಕೊಂಡಿತು, ಬಂಡೆಗಳೆಲ್ಲ ಮೇಲಿಂದ ತೂಗಿಬಿದ್ದ ಹಾಗೆ ಕಂಡವು. ರಬ್ಬರ್ ದೋಣಿಯವರು ಕೋಲು ಚಾಚಿ ನನ್ನನ್ನು ಇಳಿಸಿಕೊಂಡರು. ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಇವರು ಒಂದು ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂತೆ. ಆಗ ಹೇಳಿದರು.

ಇವರ ಊರು ಶರಾವತಿಯ ದಡದಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಇವರಿಗೆ ಮೂರು ವರ್ಷ. ಊರೂ ತೋಟವೂ ಹಿನ್ನೀರಿನಲ್ಲಿ ಮುಳುಗಿದವು, ಇವರ ಮನೆಯವರು ಗಾಡಿಯಲ್ಲಿ ಸಾಮಾನು ಹೇರಿಕೊಂಡು ಶಿವಮೊಗ್ಗದ ಕಡೆ ಬಂದರು. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಇದು: ನಮ್ಮತ್ತೆಯವರು ಅಡುಗೆಮನೆಯ ಒರಳುಕಲ್ಲನ್ನು ಭಾರವೆಂದು ಅಲ್ಲೇ ಬಿಟ್ಟು ಬಂದಿದ್ದರಂತೆ. ಮಳೆಗಾಲದ ರಾತ್ರಿಗಳಲ್ಲಿ ಅದನ್ನು ನೆನೆದು ಅಳುತ್ತಿದ್ದರಂತೆ. ಮಗನನ್ನು ಕೆರೆಯ ಹತ್ತಿರವೂ ಬಿಡಲಿಲ್ಲ. ಈಜು ಕಲಿಸಲಿಲ್ಲ. ನೀರು ಎಂದರೆ ಮನೆ ನುಂಗುವಂಥದ್ದು ಎಂದೇ ಇವರು ಬೆಳೆದರು. ಧೈರ್ಯ ಗಂಡಸಿನ ಕೆಲಸ ಎಂದು ನಾನೂ ನಂಬಿದ್ದೆ, ಅದಕ್ಕೇ ಇಷ್ಟು ವರ್ಷ ಕೇಳಲೇ ಇಲ್ಲ.

ಮರುದಿನ ನಾನೊಬ್ಬಳೇ ಷಾಟೋವರ್ ನದಿಯ ಕಮರಿಯಲ್ಲಿ ಜೆಟ್ ಬೋಟ್ ಹತ್ತಿ ಬಂದೆ. ಕಲ್ಲು ಹಾಸಿದ ತೆಳು ನೀರಿನ ನದಿಗಳಲ್ಲಿ ಓಡಲೆಂದು ಬಿಲ್ ಹ್ಯಾಮಿಲ್ಟನ್ ಎಂಬ ಕುರಿಸಾಕಣೆಗಾರ 1950ರ ದಶಕದಲ್ಲಿ ರೂಪಿಸಿದ ದೋಣಿ ಅದು. ತಳದ ಕೆಳಗೆ ನೀರು ತಳ್ಳುವ ಚಕ್ರ, ಅಂದರೆ ಪ್ರೊಪೆಲ್ಲರ್, ಇಲ್ಲ; ನೀರನ್ನು ಹೀರಿ ಹಿಂದಕ್ಕೆ ಚಿಮ್ಮಿಸಿಯೇ ಓಡುತ್ತದೆ. ಚೆನ್ನಾಗಿತ್ತು, ಆದರೆ ಪಕ್ಕದ ಸೀಟು ಖಾಲಿ ಎನಿಸುತ್ತಿತ್ತು.

ಆ ದೇಶದಲ್ಲಿ ಇಂಥ ಸಾಹಸಗಳು ಇಷ್ಟು ಬೆಳೆಯಲು ಒಂದು ಕಾನೂನೂ ಕಾರಣ. 1974ರಿಂದ ಅಲ್ಲಿ ಅಪಘಾತವಾದರೆ, ತಪ್ಪು ಯಾರದೆಂದು ಕೇಳದೆ, ಪ್ರವಾಸಿಗರಿಗೂ ಸಾರ್ವಜನಿಕ ನಿಧಿಯಿಂದ ಚಿಕಿತ್ಸೆಗೆ ನೆರವಿದೆ. ಅದರ ಬದಲಿಗೆ ಗಾಯಕ್ಕೆ ಪರಿಹಾರ ಕೇಳಿ ಕೋರ್ಟಿಗೆ ಹೋಗುವಂತಿಲ್ಲ. ಹೀಗಾಗಿ ಹೊಸ ಸಾಹಸಕ್ಕೆ ಕೈಹಾಕುವವರಿಗೆ ಅಂಜಿಕೆ ಕಡಿಮೆ. ಸಾವುಗಳೂ ಆದವು. ಆಮೇಲೆ 2011ರಲ್ಲಿ ನಿಯಮ ಬಿಗಿ ಮಾಡಿ, ಸ್ವತಂತ್ರ ತಪಾಸಣೆ ಮತ್ತು ನೋಂದಣಿಯನ್ನು ಕಡ್ಡಾಯ ಮಾಡಿದರು. ನಮ್ಮ ಮಲೆನಾಡಿನ ಒಂದು ಕಡೆ ಲೈಫ್ ಜಾಕೆಟ್ಟಿನ ಬಕಲ್ ಮುರಿದದ್ದನ್ನೇ ಮಕ್ಕಳಿಗೆ ತೊಡಿಸಿ ದೋಣಿ ಹತ್ತಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮಲ್ಲಿ ಬೆಟ್ಟಕ್ಕೂ ನೀರಿಗೂ ಬರವಿಲ್ಲ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಎಳೆದು ನೋಡುವ ಆ ರೂಢಿ ಬರಬೇಕು. ನನಗೆ ಇದು ತುಂಬಾ ಮುಖ್ಯ.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಇವರೇ ಅಂದರು: "ಆ ಸಣ್ಣ ದೋಣಿಯಲ್ಲಿ ಇಬ್ಬರು ಕೂರಬಹುದಲ್ವಾ?"

ಕಯಾಕ್. ಮಧ್ಯಾಹ್ನ ಗಾಳಿ ಏಳುವ ಮೊದಲೇ ಹೋಗಬೇಕು. ಬೇಸಿಗೆಯಲ್ಲೂ ಆ ನೀರು ಕೊರೆಯುತ್ತದೆ, ಹಾಗಾಗಿ ದಡ ಬಿಟ್ಟು ದೂರ ಒಯ್ಯುವುದಿಲ್ಲ. ಈಜು ಬರುವುದಿಲ್ಲ ಎಂದು ಇವರು ಹೇಳಿದಾಗ ಹೇಳಿಕೊಡುವ ಹುಡುಗ ನಗಲಿಲ್ಲ. ಜಾಕೆಟ್ ತೊಡಿಸಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆಳೆದು ನೋಡಿದ. ಮಂಡಿಯಾಳದ ನೀರಿನಲ್ಲಿ ಇವರನ್ನು ಸುಮ್ಮನೆ ಹತ್ತು ನಿಮಿಷ ನಿಲ್ಲಿಸಿದ. ಇವರು ತಾವಾಗಿಯೇ "ಸರಿ" ಅನ್ನುವವರೆಗೆ ಕಾದ. ನಾನು ಮುಂದೆ, ಇವರು ಹಿಂದೆ. ಹುಟ್ಟು ಒಂದಕ್ಕೊಂದು ಬಡಿಯುತ್ತಿತ್ತು, ಇವರ ಉಸಿರು ನನಗೆ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಉಸಿರಿನ ಸದ್ದು ನಿಂತು ಹುಟ್ಟಿನ ಸದ್ದು ಮಾತ್ರ ಉಳಿಯಿತು. ಆಮೇಲೆ ಅದೂ ನಿಂತಿತು. ತಿರುಗಿ ನೋಡಿದರೆ ಇವರು ಅಂಗೈಯನ್ನು ನೀರಿನಲ್ಲಿ ಇಳಿಬಿಟ್ಟುಕೊಂಡು ಕೂತಿದ್ದರು.

ಊರಿಗೆ ಬಂದ ಮೇಲೆ ಬೇಸಿಗೆಯಲ್ಲಿ ಸಿಗಂದೂರಿಗೆ ಹೋದೆವು. ಆಗ ಅಲ್ಲಿನ ಸೇತುವೆ ಇನ್ನೂ ಮುಗಿದಿರಲಿಲ್ಲ. ಹೊಳೆಬಾಗಿಲಿನಲ್ಲಿ ಲಾಂಚ್ ಬಂತು. ಇವರು ಕಾರಿಗೆ ಬೀಗ ಹಾಕಿ ನನಗಿಂತ ಮುಂಚೆ ಹತ್ತಿದರು. ಹಿನ್ನೀರು ಇಳಿದು ಅಲ್ಲಲ್ಲಿ ಕೆಮ್ಮಣ್ಣಿನ ಗುಡ್ಡ ತಲೆಯೆತ್ತಿತ್ತು. ನಡುನೀರಿಗೆ ಬಂದಾಗ ಕಂಬಿ ಹಿಡಿದು ಬಗ್ಗಿ, ಒಂದು ದಿಕ್ಕಿಗೆ ಕೈ ತೋರಿಸಿ ಹೇಳಿದರು: "ಅಮ್ಮನ ಒರಳು ಆ ಕಡೆ ಎಲ್ಲೋ ಇರಬೇಕು ಕಣೇ."

ನಮಸ್ಕಾರ.