ಟೀಮ್ ಕಟ್ಟಿದೋರಿಗೆ ಮಾರ್ಕ್ಸ್ ಯಾವಾಗ ಹಾಕ್ಬೇಕು? ಓಝಿ ನ್ಯೂಸಮ್ ಲೆಕ್ಕ

ಎಲ್ರಿಗೂ ನಮಸ್ಕಾರ. ಮೊದ್ಲೇ ಹೇಳ್ಬಿಡ್ತೀನಿ, ನಾನ್ ಮಾತಾಡ್ತಿರೋದು ಅಮೆರಿಕನ್ ಫುಟ್‌ಬಾಲ್ ಬಗ್ಗೆ, ಹೆಸ್ರಿಗೆ ಫುಟ್‌ಬಾಲ್, ಕಾಲಿಗೆ ಕೆಲ್ಸ ಕಮ್ಮಿ. ಇದ್ರಲ್ಲಿ ಮ್ಯಾಚ್ ಸೋತ್ರೆ ಕೋಚ್‌ಗೆ ಅವತ್ತೇ ಬೈಗುಳ, ಜನರಲ್ ಮ್ಯಾನೇಜರ್‌ಗೆ ಬೀಳೋದು ಮೂರ್ನಾಲ್ಕು ವರ್ಷ ಆದ್ಮೇಲೆ. ಕಾಲೇಜಿಂದ ಬರೋ ಹುಡುಗ್ರಲ್ಲಿ ಯಾರನ್ನ ಆರಿಸೋದು, ಸ್ಯಾಲರಿ ಕ್ಯಾಪ್, ಅಂದ್ರೆ ಟೀಮಿನ ಒಟ್ಟು ಸಂಬಳದ ಮಿತಿ ಒಳಗೆ ಯಾರಿಗೆಷ್ಟು ಕೊಡೋದು, ಯಾರನ್ನ ಬಿಟ್ಟುಕೊಡೋದು ಅನ್ನೋದೆಲ್ಲ ಅವ್ರ ತಲೆನೋವು, ಅದ್ರ ಫಲ ಅವತ್ತೇ ಕಾಣಲ್ಲ.

ಬಾಲ್ಟಿಮೋರ್ ರೇವನ್ಸ್ ತಗೊಳ್ಳಿ. 1996ರಲ್ಲಿ ಟೀಮು ಕ್ಲೀವ್‌ಲ್ಯಾಂಡಿಂದ ಗಂಟುಮೂಟೆ ಕಟ್ಕೊಂಡು ಬಂತು, ಆಟಗಾರರನ್ನ ಆರಿಸೋ ಜವಾಬ್ದಾರಿ ಓಝಿ ನ್ಯೂಸಮ್ ಅವ್ರದ್ದು. 2002ರಲ್ಲಿ ಜನರಲ್ ಮ್ಯಾನೇಜರ್ ಅಂತ ಪದವಿನೂ ಬಂತು, ಎನ್ಎಫ್ಎಲ್ ಲೀಗಲ್ಲಿ ಆ ಕುರ್ಚಿಲಿ ಕೂತ ಮೊದಲ ಕಪ್ಪು ವ್ಯಕ್ತಿ ಅವ್ರೇ. ಡ್ರಾಫ್ಟ್ ಅಂದ್ರೆ ಕಾಲೇಜ್ ಹುಡುಗ್ರನ್ನ ಟೀಮುಗಳು ಸರದಿ ಪ್ರಕಾರ ರೌಂಡ್ ರೌಂಡಾಗಿ ಆರಿಸೋದು, ಒಂದೊಂದು ಸರದಿನೂ ಒಂದು ಪಿಕ್, ನಂಬರ್ ಚಿಕ್ಕದಾದಷ್ಟೂ ಸರದಿ ಮೊದ್ಲು. ಮೊದಲ ಡ್ರಾಫ್ಟಲ್ಲೇ 4ನೇ ನಂಬರಿಗೆ ಜೊನಾಥನ್ ಆಗ್ಡನ್, 26ಕ್ಕೆ ರೇ ಲೂಯಿಸ್, ಇಬ್ರೂ ಹಾಲ್ ಆಫ್ ಫೇಮ್ ಸೇರಿದ್ರು. ಓನರ್ ಆರ್ಟ್ ಮೊಡೆಲ್‌ಗೆ ಚೆಂಡು ಹಿಡ್ಕೊಂಡು ಓಡೋ ರನ್ನಿಂಗ್ ಬ್ಯಾಕ್ ಲಾರೆನ್ಸ್ ಫಿಲಿಪ್ಸ್ ಬೇಕಿತ್ತಂತೆ, ಇವ್ರು ತಮ್ಮ ಲಿಸ್ಟ್ ಬಿಟ್ಟು ಅಲ್ಲಾಡ್ಲಿಲ್ಲ.

ಇಲ್ಲೇ ನಮ್ ಜನ ಎಡವೋದು. ಎರಡು ಹೆಸ್ರು ಕೇಳ್ತಿದ್ದಂಗೆ ದೇವ್ರು ಅಂತ ಕೈ ಮುಗಿದ್ಬಿಡ್ತಾರೆ. ನಾನಾದ್ರೆ ನಂಬರ್ ನೋಡ್ತೀನಿ. 4ನೇ ನಂಬರಲ್ಲಿ ಒಳ್ಳೆ ಆಟಗಾರ ಸಿಗ್ಲೇಬೇಕು, ಸಿಗದಿದ್ರೆ ಬೈಬೇಕು. ಆದ್ರೆ 26ಕ್ಕೆ ಲೂಯಿಸ್, 2002ರಲ್ಲಿ 24ಕ್ಕೆ ಎಡ್ ರೀಡ್, 2007ರಲ್ಲಿ ಮೂರನೇ ರೌಂಡಲ್ಲಿ ಮಾರ್ಷಲ್ ಯಾಂಡ, 2012ರಲ್ಲಿ ಯಾರೂ ಡ್ರಾಫ್ಟೇ ಮಾಡದ ಕಿಕ್ಕರ್ ಜಸ್ಟಿನ್ ಟಕ್ಕರ್ ಅಂತ ಸಾಲಾಗಿ ಬಂದ್ರೆ ಅದನ್ನ ಬರೀ ಲಕ್ ಅನ್ನಕ್ಕಾಗಲ್ಲ.

ತಪ್ಪೂ ಇದೆ ಸ್ವಾಮಿ, ಬೇಕಾದಷ್ಟಿದೆ. ಎಸೆದ ಚೆಂಡು ಹಿಡಿಯೋ ರಿಸೀವರ್ ವಿಷ್ಯದಲ್ಲಂತೂ ಕೈ ಹತ್ಲೇ ಇಲ್ಲ, 2000ದಲ್ಲಿ 10ಕ್ಕೆ ಟ್ರಾವಿಸ್ ಟೇಲರ್, 2015ರಲ್ಲಿ 26ಕ್ಕೆ ಪೆರಿಮನ್. ಆದ್ರೆ ನನ್ ಪ್ರಕಾರ ದುಬಾರಿ ತಪ್ಪು 2003ದು. ಕ್ವಾರ್ಟರ್‌ಬ್ಯಾಕ್ ಕೈಲ್ ಬೋಲರ್‌ಗೋಸ್ಕರ (ಕ್ವಾರ್ಟರ್‌ಬ್ಯಾಕ್ ಅಂದ್ರೆ ಚೆಂಡೆಸೆದು ಆಟ ನಡೆಸೋನು) ಮುಂದಿನ ವರ್ಷದ ಮೊದಲ ರೌಂಡ್ ಪಿಕ್ಕನ್ನೂ ಪೇಟ್ರಿಯಟ್ಸ್‌ಗೆ ಕೊಟ್ರು, ಅದ್ರಲ್ಲಿ ಅವ್ರು ವಿನ್ಸ್ ವಿಲ್ಫೋರ್ಕ್‌ನ ತಗೊಂಡ್ರು. ಅಂದ್ರೆ ಬೋಲರ್ ಚೆನ್ನಾಗಿ ಆಡ್ಲಿಲ್ಲ ಅನ್ನೋದಷ್ಟೇ ಅಲ್ಲ, ವಿಲ್ಫೋರ್ಕ್ ಎದುರಾಳಿ ಮನೇಲಿ ವರ್ಷಗಟ್ಲೆ ಆಡಿದ್ದನ್ನೂ ಇವ್ರ ಸಾಲದ ಪುಸ್ತಕದಲ್ಲೇ ಬರೀಬೇಕು.

ಕಪ್ ಎಣಿಸೋರಿಗೆ ಎರಡು ಸೂಪರ್ ಬೌಲ್, ಅಂದ್ರೆ ಲೀಗಿನ ಫೈನಲ್ ಗೆಲುವು, ಸಾಕು, 2000 ಮತ್ತು 2012ರ ಸೀಸನ್. ನಂಗೆ ಕುತೂಹಲ ಕಪ್ ಆದ್ಮೇಲೆ ಏನಾಯ್ತು ಅನ್ನೋದ್ರಲ್ಲಿ. 2013ರಲ್ಲಿ ಕ್ವಾರ್ಟರ್ಬ್ಯಾಕ್ ಜೋ ಫ್ಲಾಕೋಗೆ 6 ವರ್ಷಕ್ಕೆ 12 ಕೋಟಿ ಡಾಲರ್ ದಾಟಿದ ಕಾಂಟ್ರ್ಯಾಕ್ಟ್, ಅದೇ ಹೊತ್ತಿಗೆ ಲೂಯಿಸ್ ರಿಟೈರ್, ರೀಡ್ ಬೇರೆ ಕಡೆ, ರಿಸೀವರ್ ಬೋಲ್ಡಿನ್‌ನ ಬರೀ ಆರನೇ ರೌಂಡ್ ಪಿಕ್ಕಿಗೆ ಬಿಟ್ಟುಕೊಟ್ರು, ಮುಂದಿನ 5 ಸೀಸನ್‌ಲಿ ಪ್ಲೇಆಫ್, ಅಂದ್ರೆ ನಾಕೌಟ್ ಹಂತ, ಒಂದೇ ಸಲ. ಕಪ್ ತಂದ ಕ್ವಾರ್ಟರ್‌ಬ್ಯಾಕ್‌ನ ಕೈಬಿಡೋ ಧೈರ್ಯ ಯಾರಿಗಿರತ್ತೆ ಹೇಳಿ, ನಾನೂ ಸೈನ್ ಹಾಕ್ತಿದ್ದೆ. ಆದ್ರೂ ಅದು ಅವ್ರ ಲೆಕ್ಕಕ್ಕೇ.

ಇನ್ನೊಂದು ಹೆಚ್ಚಾಗಿ ಕಣ್ಣಿಗೆ ಬೀಳದ ಕೆಲ್ಸ. ಕಾಂಟ್ರ್ಯಾಕ್ಟ್ ಮುಗಿಸಿ ಆಟಗಾರರು ದುಡ್ಡಿಗೆ ಬೇರೆ ಟೀಮ್ ಸೇರಿದ್ರೆ ಲೀಗ್ ಪರಿಹಾರದ ಪಿಕ್ ಕೊಡತ್ತೆ, ಮೂರನೇ ರೌಂಡಿಂದ ಕೆಳಗೆ. ಹೋಗೋರನ್ನ ಹೋಗಕ್ಕೆ ಬಿಟ್ಟು, ಆ ಪಿಕ್‌ಗಳನ್ನ ಚಿಲ್ರೆ ಕೂಡಿಟ್ಟಂಗೆ ವರ್ಷವರ್ಷ ಕೂಡಿಟ್ಟೋರು ಇವ್ರು. ಹೆಚ್ಚು ಸಲ ಕಲ್ಲು ಹೊಡೆದ್ರೆ ಮಾವಿನಕಾಯಿ ಹೆಚ್ಚು ಬೀಳತ್ತೆ, ಗುರಿ ಎಲ್ರದ್ದೂ ಹೆಚ್ಚುಕಮ್ಮಿ ಒಂದೇ.

ಕೊನೇದು 2018. ಅವ್ರ ಕೊನೆ ಡ್ರಾಫ್ಟ್, ಮುಂದೆ ಎರಿಕ್ ಡಿಕೋಸ್ಟಾ ಬರೋದು ಅಂತ ಆಗ್ಲೇ ಗೊತ್ತಿತ್ತು. ಬೇರೆ ಟೀಮುಗಳ ಜೊತೆ ಸರದಿ ಬದಲಾಯಿಸ್ಕೊಂಡು 16ರಿಂದ 22ಕ್ಕೆ ಇಳಿದ್ರು, 22ರಿಂದ 25ಕ್ಕೆ ಇಳಿದ್ರು, ಅಲ್ಲಿ ಟೈಟ್ ಎಂಡ್ ಹೇಡನ್ ಹರ್ಸ್ಟ್‌ನ ತಗೊಂಡ್ರು. ಆಮೇಲೆ ಮನಸ್ಸು ತಡೀದೆ ಈಗಲ್ಸ್ ಜೊತೆ ವ್ಯಾಪಾರ ಮಾಡಿ, ಮೊದಲ ರೌಂಡಿನ ಕಟ್ಟಕಡೆ 32ನೇ ಪಿಕ್ಕಲ್ಲಿ ಕ್ವಾರ್ಟರ್ಬ್ಯಾಕ್ ಲಮಾರ್ ಜಾಕ್ಸನ್! ಲಮಾರ್ 2019, 2023ರಲ್ಲಿ ಎಂವಿಪಿ, ಅಂದ್ರೆ ಲೀಗಿನ ಅತ್ಯುತ್ತಮ ಆಟಗಾರ ಆದಾಗ ಕುರ್ಚಿಲಿ ಇದ್ದಿದ್ದು ಡಿಕೋಸ್ಟಾ. ಹಂಗಾದ್ರೆ ಮಾರ್ಕ್ಸ್ ನ್ಯೂಸಮ್‌ಗೇ ಅಂತೀರಾ, ನಾನೂ ಅಂತೀನಿ, ಆದ್ರೆ 25ನೇ ಪಿಕ್ಕಲ್ಲಿ ಇದೇ ಲಮಾರ್ ಎದುರಿಗಿದ್ದಾಗ ಅವ್ರೂ ಬಿಟ್ಟಿದ್ರಲ್ಲ, ಮಧ್ಯದ 6 ಟೀಮಲ್ಲಿ ಒಂದ್ ಟೀಮ್ ಎತ್ಕೊಂಡಿದ್ರೆ ಇವತ್ತು ನಾನು ಇದೇ ಮನುಷ್ಯನ ಬಗ್ಗೆ ಇಲ್ಲಿ ನಿಂತು ಬೇರೇನೇ ಮಾತಾಡ್ತಿದ್ದೆ.