ಬದುವಿನ ಮೇಲೆ ನಿಂತ ಎಂಜಿನ್

ಕೇಳುಗರಿಗೆ ನಮಸ್ಕಾರ.

ನನಗಾಗ ಎಂಟು ವರ್ಷ. ಚಾಮರಾಜಪೇಟೆಯಲ್ಲಿ ನಮ್ಮ ಮನೆ ಮುಂದಿನ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಮೊದಲು ಜಲ್ಲಿ ಬಂತು, ಆಮೇಲೆ ಡಾಂಬರಿನ ಡ್ರಮ್ಮುಗಳು ಬಂದವು. ಕೊನೆಗೆ ರೋಡ್ ರೋಲರ್ ಬಂತು. ಡೀಸೆಲ್‌ದಲ್ಲ, ಉಗಿಯದು. ಚಿಮಣಿಯ ಕೆಳಗೆ, ಮುಂದುಗಡೆ, ಹಿಂಗಾಲ ಮೇಲೆ ಎದ್ದು ನಿಂತ ಒಂದು ಹಿತ್ತಾಳೆ ಕುದುರೆ. ಮೈಯೆಲ್ಲ ಮಸಿ, ಆದರೆ ಆ ಕುದುರೆ ಮಾತ್ರ ಫಳಫಳ. ಡ್ರೈವರ್ ದಿನಾ ಬೆಳಿಗ್ಗೆ ಬೂದಿ ಹಚ್ಚಿ ಅದನ್ನು ಉಜ್ಜುತ್ತಿದ್ದ.

ನಾನು ಸ್ಕೂಲು ಬಿಟ್ಟ ತಕ್ಷಣ ಅಲ್ಲಿಗೆ ಓಡುತ್ತಿದ್ದೆ. ಒಂದು ದಿನ ಡ್ರೈವರ್ ನನ್ನನ್ನು ಎತ್ತಿ ಮೇಲೆ ನಿಲ್ಲಿಸಿಕೊಂಡ. ಬಾಯ್ಲರ್ ಹಿಂದೆ ನಿಂತ ಒಂದು ಗಾಜಿನ ಕೊಳವೆಯನ್ನು ತೋರಿಸಿದ. ಅರ್ಧದವರೆಗೆ ನೀರು, ಸಣ್ಣಗೆ ಅಲ್ಲಾಡುತ್ತಿತ್ತು. "ಈ ಗಾಜಲ್ಲಿ ನೀರು ಕಾಣ್ತಾ ಇರ್ಬೇಕು ಮರಿ. ಮಿಕ್ಕಿದ್ದೆಲ್ಲ ಆಮೇಲೆ" ಅಂದ. ಐವತ್ತು ವರ್ಷಕ್ಕಿಂತ ಜಾಸ್ತಿ ಆಯಿತು. ಇವತ್ತಿಗೂ ನನ್ನ ಪುಟ್ಟ ಎಂಜಿನ್‌ಗೆ ಬೆಂಕಿ ಹಾಕುವಾಗ ನಾನು ಮೊದಲು ನೋಡುವುದು ಆ ಗಾಜನ್ನೇ.

ಆ ಕುದುರೆ ಯಾರದು ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಗುರುತು. ಅಲ್ಲಿನ ರೋಚೆಸ್ಟರ್ ಊರಿನಲ್ಲಿ ಥಾಮಸ್ ಏವ್ಲಿಂಗ್ ಅನ್ನುವ ರೈತನೊಬ್ಬನಿದ್ದ. ಆ ಕಾಲದಲ್ಲಿ ಹೊಲದ ಉಗಿ ಎಂಜಿನ್‌ಗಳಿಗೆ ಚಕ್ರವೇನೋ ಇರುತ್ತಿತ್ತು, ಆದರೆ ಅವು ತಾವಾಗಿ ನಡೆಯುತ್ತಿರಲಿಲ್ಲ. ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಕುದುರೆಗಳೇ ಎಳೆಯಬೇಕು. ಇಷ್ಟು ಶಕ್ತಿ ಇರುವ ಯಂತ್ರವನ್ನು ಪ್ರಾಣಿಗಳು ಎಳೆಯುವುದು ಏವ್ಲಿಂಗ್‌ಗೆ ಸಹಿಸಲಾಗಲಿಲ್ಲ. 1859ರಲ್ಲಿ ಅಂಥ ಒಂದು ಎಂಜಿನ್‌ಗೆ ಚೈನ್ ಹಾಕಿ ಹಿಂದಿನ ಚಕ್ರಕ್ಕೆ ಕೂಡಿಸಿದ. ಎಂಜಿನ್ ತಾನೇ ನಡೆಯಿತು. ಮುಂದೆ ಅವನ ಕಂಪನಿಯೇ ರೋಡ್ ರೋಲರ್ ಮಾಡಿ ಊರೂರಿಗೆ ಕಳಿಸಿತು.

ನಮ್ಮ ದೇಶದಲ್ಲೂ ಇವು ತಯಾರಾದವು. 1948ರಲ್ಲಿ ಟಾಟಾದವರು ಇಂಗ್ಲೆಂಡಿನ ಮಾರ್ಷಲ್ ಕಂಪನಿ ಜೊತೆ ಸೇರಿ ಉಗಿ ರೋಲರ್ ಹೊರತಂದರು.

ಬೆಂಗಳೂರಿಗೂ ಉಗಿಗೂ ಇರುವ ನಂಟು ರಸ್ತೆಯದ್ದಷ್ಟೇ ಅಲ್ಲ. 1864ರಲ್ಲಿ ಜೋಲಾರಪೇಟೆಯಿಂದ ದಂಡು ಸ್ಟೇಷನ್ನಿಗೆ ಮೊದಲ ಉಗಿಬಂಡಿ ಬಂತು. ಉಗಿಬಂಡಿ. ಎಷ್ಟು ಚೆಂದದ ಮಾತು ಅಲ್ವಾ! ನಮ್ಮವರು ಯಂತ್ರವನ್ನು ನೋಡಿದರು, ಅದು ಯಾವುದರಿಂದ ಓಡುತ್ತದೆ ಅಂತ ನೋಡಿದರು, ಅದನ್ನೇ ಹೆಸರಿಟ್ಟರು. 1890ರ ದಶಕದಲ್ಲಿ ಹೆಸರಘಟ್ಟ ಕೆರೆಯ ನೀರು ಸೋಲದೇವನಹಳ್ಳಿಗೆ ಹರಿದು ಬಂದು, ಅಲ್ಲಿಂದ ಉಗಿ ಪಂಪುಗಳ ಬಲದಿಂದ ಮೇಲೇರಿ ಊರಿಗೆ ಬರುತ್ತಿತ್ತು. ಮನೆಯ ನಲ್ಲಿ ತಿರುಗಿಸಿದರೆ ಬರುವ ನೀರಿನ ಹಿಂದೆ ಒಂದು ಬಾಯ್ಲರ್ ಉರಿಯುತ್ತಿತ್ತು. ಆದರೆ ಮೈಸೂರು ಸೀಮೆಗೆ ಕರೆಂಟು ಬೇಗ ಬಂತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ. ಹಾಗಾಗಿ ನಮ್ಮ ಕಾರ್ಖಾನೆಗಳಲ್ಲಿ ಉಗಿ ಬಹಳ ಕಾಲ ನಿಲ್ಲಲಿಲ್ಲ. ಉಳಿದದ್ದು ಹಳಿಯ ಮೇಲೆ ಮತ್ತು ರಸ್ತೆಯ ಮೇಲೆ.

ಈಗ ನನ್ನ ಮನಸ್ಸಿಗೆ ತೀರಾ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ಉಗಿಯಿಂದ ಹೊಲ ಉಳುವುದು.

ಕೇಳಿದ ತಕ್ಷಣ ಏನು ಅನ್ನಿಸುತ್ತದೆ? ಎಂಜಿನ್ ಮುಂದೆ, ನೇಗಿಲು ಹಿಂದೆ, ಟ್ರ್ಯಾಕ್ಟರ್ ಥರ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಆ ಎಂಜಿನ್‌ಗಳ ತೂಕ ಇಪ್ಪತ್ತು ಟನ್ನಿನ ಹತ್ತಿರ. ಒದ್ದೆ ಹೊಲಕ್ಕೆ ಇಳಿದರೆ ಹೂತುಹೋಗುತ್ತದೆ. ಹೂಳದೆ ಹೋದರೂ ಮಣ್ಣನ್ನು ತುಳಿದು ತುಳಿದು ರಸ್ತೆ ಮಾಡಿಬಿಡುತ್ತದೆ. ಹಾಗಾದರೆ ಏನು ಮಾಡಬೇಕು? ಎಂಜಿನ್ ಹೊಲಕ್ಕೆ ಇಳಿಯಲೇಬಾರದು. ಬದುವಿನ ಮೇಲೆ ನಿಲ್ಲಬೇಕು. ಹಗ್ಗ ಮಾತ್ರ ಹೊಲದೊಳಗೆ ಹೋಗಬೇಕು.

ನಮ್ಮ ಹಿರಿಯರು ಕಪಿಲೆ ಹೊಡೆಯುತ್ತಿದ್ದದ್ದು ನೆನಪಿದೆಯಾ? ಎತ್ತು ಬಾವಿಗೆ ಇಳಿಯುವುದಿಲ್ಲ. ಎತ್ತು ಇಳಿಜಾರಿನಲ್ಲಿ ನಡೆಯುತ್ತದೆ, ಮಿಣಿ ರಾಟೆಯ ಮೇಲೆ ಹೊರಳುತ್ತದೆ, ನೀರು ತಾನಾಗಿ ಮೇಲೆ ಬರುತ್ತದೆ. ಬಲ ಒಂದು ಕಡೆ, ಕೆಲಸ ಇನ್ನೊಂದು ಕಡೆ, ನಡುವೆ ಒಂದು ಹಗ್ಗ. ಉಗಿ ನೇಗಿಲಿನ ಒಳಗುಟ್ಟೂ ಅದೇ.

ಇದನ್ನು ಹಿಡಿದು ಗೆದ್ದವನು ಇಂಗ್ಲೆಂಡಿನ ಜಾನ್ ಫೌಲರ್. ಹುಟ್ಟಿದ್ದು 1826ರಲ್ಲಿ. ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ದೊಡ್ಡ ಬರ ಬಂತಲ್ಲ, ಆ ಹೊತ್ತಿಗೆ, 1849ರಲ್ಲಿ, ಫೌಲರ್ ಅಲ್ಲಿಗೆ ಹೋಗಿದ್ದ. ನೀರು ನಿಂತು ಕೊಳೆಯುವ ಎಷ್ಟೋ ಭೂಮಿ ಪಾಳು ಬಿದ್ದಿದ್ದನ್ನು ಕಂಡ. ಆ ನೀರನ್ನು ಬಸಿದರೆ ಊಟಕ್ಕೆ ಬೆಳೆಯಬಹುದು ಅಂತ ಅವನಿಗೆ ಅನ್ನಿಸಿತು. ಮೊದಲು ಮಾಡಿದ್ದು ನೆಲದಡಿ ಬಸಿಗಾಲುವೆ ಕೊರೆಯುವ ನೇಗಿಲು. ಅದನ್ನು ಹಗ್ಗದಲ್ಲೇ ಎಳೆಯಬೇಕಿತ್ತು. ಅಲ್ಲಿಂದ ಮುಂದೆ ಉಗಿಯಿಂದ ಉಳುವ ಯೋಚನೆ. 1858ರಲ್ಲಿ ಚೆಸ್ಟರ್ ಊರಿನ ಕೃಷಿ ಮೇಳದಲ್ಲಿ ಅವನ ಉಗಿ ನೇಗಿಲಿಗೆ 500 ಪೌಂಡ್ ಬಹುಮಾನ ಬಂತು. ಆಮೇಲೆ ಲೀಡ್ಸ್‌ನಲ್ಲಿ ಕಾರ್ಖಾನೆ ಕಟ್ಟಿದ. ಆದರೆ 1864ರಲ್ಲಿ ಬೇಟೆಗೆ ಹೋದಾಗ ಬಿದ್ದು ಕೈ ಮುರಿಯಿತು, ಧನುರ್ವಾಯು ಹಿಡಿದು ತೀರಿಕೊಂಡ. ವಯಸ್ಸು ಬರೀ 38. ಕಾರ್ಖಾನೆ ಮಾತ್ರ ನಿಲ್ಲಲಿಲ್ಲ.

ಕೆಲಸ ಹೇಗೆ ನಡೆಯುತ್ತಿತ್ತು ಅಂತ ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ದೊಡ್ಡ ಹೊಲ. ಈ ಬದುವಿನಲ್ಲಿ ಒಂದು ಎಂಜಿನ್, ಆ ಬದುವಿನಲ್ಲಿ ಇನ್ನೊಂದು. ನಡುವೆ ಸುಮಾರು 400 ಗಜ. ಪ್ರತಿ ಎಂಜಿನ್ನಿನ ಬಾಯ್ಲರ್ ಹೊಟ್ಟೆಯ ಕೆಳಗೆ ಒಂದು ದೊಡ್ಡ ರಾಟೆ ಅಡ್ಡಡ್ಡ ಮಲಗಿದೆ. ಅದರ ಮೇಲೆ ಉಕ್ಕಿನ ಹಗ್ಗ. ಈ ಎಂಜಿನ್ ಎಳೆಯುವಾಗ ಆ ಎಂಜಿನ್ ಹಗ್ಗ ಬಿಡುತ್ತದೆ. ಆ ಎಂಜಿನ್ ಎಳೆಯುವಾಗ ಇದು ಬಿಡುತ್ತದೆ. ನಡುವೆ ನೇಗಿಲು ಹೋಗುತ್ತದೆ, ಬರುತ್ತದೆ.

ಆ ನೇಗಿಲೇ ಒಂದು ಬೆರಗು. ಮಕ್ಕಳ ಪಾರ್ಕಿನಲ್ಲಿ ಏತಪಾತದ ಆಟ ಇರುತ್ತದಲ್ಲ, ಹಾಗೆ. ನಡುವೆ ಎರಡು ದೊಡ್ಡ ಚಕ್ರ, ಆ ಕಡೆ ಒಂದು ಸಾಲು ಗುಳ, ಈ ಕಡೆ ಒಂದು ಸಾಲು ಗುಳ. ಒಂದು ಕಡೆ ಮಣ್ಣಿನಲ್ಲಿ, ಇನ್ನೊಂದು ಕಡೆ ಗಾಳಿಯಲ್ಲಿ. ಬದು ಮುಟ್ಟಿದಾಗ ನೇಗಿಲನ್ನು ತಿರುಗಿಸುವುದೇ ಬೇಡ. ಮೇಲಿದ್ದದ್ದನ್ನು ಕೆಳಕ್ಕೆ ಒತ್ತಿದರೆ ಸಾಕು, ವಾಪಸ್ ಹೊರಟೇಬಿಡುತ್ತದೆ. ಮೇಲೆ ಕುಳಿತವನು ಸ್ಟಿಯರಿಂಗ್ ಹಿಡಿದು ಸಾಲು ನೇರ ಮಾಡುತ್ತಾನೆ. ಒಂದೊಂದು ಸಲ ಹೋಗಿ ಬಂದ ಮೇಲೆ ಎರಡೂ ಎಂಜಿನ್ ಉತ್ತ ಅಗಲದಷ್ಟು ಮುಂದೆ ಸರಿಯುತ್ತವೆ.

ನಡುವೆ ಏರು ಇದ್ದರೆ, ಮಂಜು ಕವಿದರೆ, ಒಬ್ಬ ಡ್ರೈವರಿಗೆ ಇನ್ನೊಬ್ಬ ಕಾಣುವುದಿಲ್ಲ. ಮಾತು ಕೇಳುವುದಿಲ್ಲ. ಅದಕ್ಕೆ ಸಿಳ್ಳೆ. ಎಳೆ ಅನ್ನುವುದೂ ಸಿಳ್ಳೆಯಲ್ಲೇ, ನಿಲ್ಲಿಸು ಅನ್ನುವುದೂ ಸಿಳ್ಳೆಯಲ್ಲೇ. ಒಂದು ತಂಡದಲ್ಲಿ ಐದು ಜನ. ಮೇಸ್ತ್ರಿ, ಇಬ್ಬರು ಡ್ರೈವರುಗಳು, ನೇಗಿಲಿನ ಮೇಲೆ ಒಬ್ಬ, ಅಡುಗೆಗೆ ಒಬ್ಬ ಹುಡುಗ. ಚಕ್ರದ ಮೇಲಿನ ಪುಟ್ಟ ಮನೆಯೊಂದನ್ನು ಎಂಜಿನ್ನೇ ಎಳೆದುಕೊಂಡು ಹೋಗುತ್ತಿತ್ತು. ಊರಿಂದೂರಿಗೆ, ತಿಂಗಳುಗಟ್ಟಲೆ ಮನೆ ಬಿಟ್ಟ ಜೀವನ. ಆ ಹುಡುಗನ ಬಗ್ಗೆ ನನಗೆ ಆಗಾಗ ಯೋಚನೆ ಬರುತ್ತದೆ. ಅವನು ಬೆಳಗಿನ ಜಾವ ಎದ್ದು ಒಲೆ ಹಚ್ಚುವಾಗ ಪಕ್ಕದಲ್ಲೇ ಎರಡು ದೊಡ್ಡ ಬಾಯ್ಲರುಗಳೂ ನಿಧಾನವಾಗಿ ಬಿಸಿಯಾಗುತ್ತಿದ್ದವು.

ಪೆಟ್ರೋಲಿನ, ಡೀಸೆಲ್ಲಿನ ಟ್ರ್ಯಾಕ್ಟರ್ ಬಂದ ಮೇಲೆ ಇದೆಲ್ಲ ಮುಗಿಯಿತು. ಟ್ರ್ಯಾಕ್ಟರ್ ಹಗುರ, ಒಬ್ಬನೇ ಸಾಕು. ಎಷ್ಟೋ ಎಂಜಿನ್‌ಗಳು ಗುಜರಿಗೆ ಹೋದವು. ಉಳಿದ ಕೆಲವು ಜೋಡಿಗಳು ಕೆರೆ ಹೂಳೆತ್ತಲು ನಿಂತವು. ಈ ದಡದಲ್ಲಿ ಒಂದು, ಆ ದಡದಲ್ಲಿ ಒಂದು, ನಡುವೆ ಹಗ್ಗಕ್ಕೆ ಕಟ್ಟಿದ ದೊಡ್ಡ ಬಾನಿ ಕೆಸರನ್ನು ಬಾಚಿ ತರುತ್ತಿತ್ತು. ನಮ್ಮ ಊರಿನ ಯಾವುದೇ ಕೆರೆಯ ಏರಿ ಮೇಲೆ ನಿಂತರೂ ನನಗೆ ಆ ಚಿತ್ರ ಕಣ್ಣಿಗೆ ಕಟ್ಟುತ್ತದೆ. 1950ರಲ್ಲಿ ಇಂಗ್ಲೆಂಡಿನ ಆಪಲ್‌ಫರ್ಡ್ ಅನ್ನುವ ಹಳ್ಳಿಯಲ್ಲಿ ಆರ್ಥರ್ ನ್ಯಾಪರ್ ಎಂಬ ರೈತ ಇನ್ನೊಬ್ಬ ಎಂಜಿನ್ ಮಾಲೀಕನ ಜೊತೆ ಒಂದು ಪೀಪಾಯಿ ಬಿಯರ್ ಪಣಕ್ಕಿಟ್ಟು ಹಳೇ ಎಂಜಿನ್‌ಗಳ ಓಟ ನಡೆಸಿದ. ನೋಡಲು ಜನ ಬಂದರು. ಮುಂದೆ ಅದೇ ಜಾತ್ರೆಗಳಾಗಿ ಬೆಳೆಯಿತು. ಗುಜರಿಗೆ ಹೋಗಬೇಕಿದ್ದ ಎಂಜಿನ್‌ಗಳು ಬದುಕಿಕೊಂಡವು.

ಅಂಥ ಎಂಜಿನ್ ಬೆಂಗಳೂರಿನಲ್ಲಿ ನೋಡಲು ಸಿಗುವುದಿಲ್ಲ. ಅದಕ್ಕೇ ನಾನೇ ಮಾಡಲು ಕುಳಿತೆ. ನನ್ನ ಕೆಲಸವೇ ಟರ್ನರ್. ಮೂವತ್ತೆರಡು ವರ್ಷ ಲೇತ್ ಮುಂದೆ ನಿಂತವನು. ನಿವೃತ್ತಿಯಾದ ಮೇಲೆ ಮನೆ ಹಿಂದಿನ ಶೀಟಿನ ಕೋಣೆಯಲ್ಲಿ ಒಂದು ಸಣ್ಣ ಲೇತ್ ಇಟ್ಟುಕೊಂಡೆ. ಅಳತೆ ಹನ್ನೆರಡರಲ್ಲಿ ಒಂದು. ಒಂದು ಅಡಿ ಇದ್ದದ್ದು ಒಂದು ಇಂಚು. ಉದ್ದ ಹನ್ನೆರಡು ಪಟ್ಟು ಕಡಿಮೆಯಾದರೆ ತೂಕ ಹನ್ನೆರಡು ಸಲ ಹನ್ನೆರಡು ಸಲ ಹನ್ನೆರಡು, ಅಂದರೆ 1,728 ಪಟ್ಟು ಕಡಿಮೆ. ಇಪ್ಪತ್ತು ಟನ್ನಿನ ಎಂಜಿನ್ ಹನ್ನೆರಡು ಕೆಜಿಗೆ ಇಳಿಯಿತು. 400 ಗಜದ ಹಗ್ಗ 100 ಅಡಿಗೆ ಇಳಿಯಿತು.

ಬಾಯ್ಲರ್ ತಾಮ್ರದ್ದು. ಅದಕ್ಕೆ ಸಾಮಾನ್ಯ ಬೆಸುಗೆ ಆಗುವುದಿಲ್ಲ, ಬಿಸಿಗೆ ಕರಗುತ್ತದೆ. ಬೆಳ್ಳಿ ಬೆರೆತ ಬೆಸುಗೆ ಬೇಕು. ಮೊದಲ ಬಾಯ್ಲರಿಗೆ ಪೇಟೆಯ ಒಂದು ಅಂಗಡಿಯಲ್ಲಿ ಕೊಳವೆ ತಂದೆ. ಗೋಡೆ ಮೂರು ಮಿಲಿಮೀಟರ್ ಅಂದರು. ಒಂದು ತುದಿಯಲ್ಲಿ ಅಳೆದೆ, ಸರಿಯಾಗಿತ್ತು. ಎಲ್ಲ ಮುಗಿಸಿ ಒತ್ತಡದ ಪರೀಕ್ಷೆಗೆ ಕೂತೆ. ಈ ಪರೀಕ್ಷೆಯನ್ನು ಉಗಿಯಲ್ಲಿ ಮಾಡಬಾರದು, ತಣ್ಣೀರು ತುಂಬಿ ಕೈಪಂಪಿನಲ್ಲಿ ಒತ್ತಬೇಕು. ನೀರು ಕುಗ್ಗುವುದಿಲ್ಲ. ಬಾಯ್ಲರ್ ಬಿಟ್ಟುಕೊಟ್ಟರೂ ಸಿಡಿಯುವುದಿಲ್ಲ, ಸುಮ್ನೆ ಸೋರುತ್ತದೆ. ಓಡಿಸುವ ಒತ್ತಡದ ಎರಡರಷ್ಟಕ್ಕೆ ಏರಿಸಬೇಕು. ಅಲ್ಲಿಗೆ ತಲುಪುವ ಮೊದಲೇ ಹೊಟ್ಟೆ ಉಬ್ಬಿತು. ಕತ್ತರಿಸಿ ನೋಡಿದರೆ ನಡುವೆ ಕೊಳವೆ ಎರಡು ಮಿಲಿಮೀಟರ್ ಕೂಡ ಇಲ್ಲ. ಎಂಟು ತಿಂಗಳ ಕೆಲಸ ಹೋಯಿತು. ಎರಡು ವಾರ ಆ ಕೋಣೆಯ ಬಾಗಿಲು ತೆಗೆಯಲಿಲ್ಲ. ಆಮೇಲೆ ತೆಗೆದೆ.

ಉಗಿ ಎಂದರೆ ಹೆದರಬೇಡಿ, ಆದರೆ ಮರ್ಯಾದೆ ಕೊಡಿ. ನಿಮ್ಮ ಅಡುಗೆಮನೆಯ ಕುಕ್ಕರ್ ಮುಚ್ಚಳ ತೆಗೆದು ನೋಡಿ. ಮೇಲಿನ ಗುಂಡು ಜಾಸ್ತಿಯಾದ ಉಗಿಯನ್ನು ಬಿಡುತ್ತದೆ. ಪಕ್ಕದಲ್ಲಿ ಇನ್ನೊಂದು ಸಣ್ಣ ಸೇಫ್ಟಿ ವಾಲ್ವ್. ಒಳಗೆ ನೀರು ಆರಿದರೆ ಅದರ ಲೋಹ ಕರಗಿ ದಾರಿ ಬಿಡುತ್ತದೆ. ದೊಡ್ಡ ಉಗಿ ಎಂಜಿನ್‌ನ ಬೆಂಕಿಗೂಡಿನ ನೆತ್ತಿಯಲ್ಲೂ ಅಂಥದೇ ಸೀಸದ ಬಿರಡೆ ಇರುತ್ತದೆ. ನೀರು ಕೆಳಗಿಳಿದರೆ ಸೀಸ ಕರಗುತ್ತದೆ, ಉಗಿ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುತ್ತದೆ.

ನನಗೆ ಈ ಯಂತ್ರ ಯಾಕೆ ಇಷ್ಟು ಇಷ್ಟ ಅಂದರೆ, ಇದರಲ್ಲಿ ಏನೂ ಮುಚ್ಚಿಟ್ಟಿಲ್ಲ. ಪಿಸ್ಟನ್ ರಾಡು ಹೊರಗೆ ಬರುವುದು ಕಾಣುತ್ತದೆ. ವಾಲ್ವ್ ಸರಿಯುವುದು ಕಾಣುತ್ತದೆ. ಎಲ್ಲಿ ನೀರು, ಎಲ್ಲಿ ಬೆಂಕಿ, ಎಲ್ಲಿ ಬಲ, ಎಲ್ಲವನ್ನೂ ಬೆರಳಿಟ್ಟು ತೋರಿಸಬಹುದು. ನನ್ನ ಮೊಮ್ಮಗಳಿಗೆ ಒಂಬತ್ತು ವರ್ಷ. ಫೋನ್ ಒಳಗೆ ಏನಿದೆ ಅಂತ ಕೇಳಿದರೆ ನಾನು ತೋರಿಸಲಾರೆ. ಇದನ್ನು ತೋರಿಸಬಲ್ಲೆ. ನಿಮ್ಮ ಮಕ್ಕಳನ್ನೂ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ, ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ಉಸಿರಾಡುವ ಎಂಜಿನ್ನೇ ಬೇಕು ಅಂದರೆ ಮೆಟ್ಟುಪಾಳ್ಯದಿಂದ ಕೂನೂರಿಗೆ ಏರುವ ನೀಲಗಿರಿ ರೈಲಿದೆ. ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು ಅದು ಗುಡ್ಡ ಹತ್ತುತ್ತದೆ. ಹೋದರೆ ಕಿಟಕಿ ಪಕ್ಕ ಕೂತು ಕಿವಿಗೊಟ್ಟು ಕೇಳಿ.

ಕಳೆದ ಮುಂಗಾರಿನಲ್ಲಿ ನನ್ನ ಎಂಜಿನ್ ಹೊಲ ಕಂಡಿತು. ದೊಡ್ಡಬಳ್ಳಾಪುರದ ಹತ್ತಿರ ನಮ್ಮ ಭಾವನ ರಾಗಿ ಹೊಲ. ಒಂದು ತೊಂದರೆ ಇತ್ತು. ಎಂಜಿನ್ ಹನ್ನೆರಡು ಪಟ್ಟು ಚಿಕ್ಕದಾದರೂ ಮಣ್ಣಿನ ಹೆಂಟೆ ಚಿಕ್ಕದಾಗುವುದಿಲ್ಲವಲ್ಲ. ನನ್ನ ನೇಗಿಲಿಗೆ ಒಂದು ಹೆಂಟೆ ಅಂದರೆ ಬಂಡೆ. ಭಾವ ಮತ್ತು ನಾನು ಕೂತು ಜರಡಿ ಹಿಡಿದು, ಕೆಮ್ಮಣ್ಣಿನ ಒಂದು ಪಟ್ಟಿ ಹಾಸಿದೆವು. ಹಿಂದಿನ ರಾತ್ರಿಯ ಮಳೆಗೆ ಮಣ್ಣು ಹದವಾಗಿತ್ತು. ಇರುವುದು ಒಂದೇ ಎಂಜಿನ್. ಎದುರು ಬದುವಿನಲ್ಲಿ ಲಂಗರು ನೆಟ್ಟು, ಅದಕ್ಕೆ ರಾಟೆ ಕಟ್ಟಿ ಹಗ್ಗ ಸುತ್ತಿದೆ. 1858ರಲ್ಲಿ ಬಹುಮಾನ ಗೆದ್ದಾಗ ಫೌಲರನದ್ದೂ ಹೀಗೇ ಇತ್ತು, ಒಂದು ಎಂಜಿನ್, ಒಂದು ಲಂಗರು.

ಒತ್ತಡ ಏರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಗಾಜಿನಲ್ಲಿ ನೀರು ನೋಡಿದೆ. ಸಿಲಿಂಡರಿನ ತಣ್ಣಗಿನ ನೀರನ್ನು ಹೊರಬಿಟ್ಟೆ, ಉಸ್ ಅಂತು. ಹಿಡಿ ತೆಗೆದೆ. ಹಗ್ಗ ಮಣ್ಣಿನಿಂದ ಎದ್ದು ಬಿಗಿಯಾಯಿತು, ನೇಗಿಲು ಒಂದು ಸಲ ನಡುಗಿತು, ಆಮೇಲೆ ಹೊರಟಿತು. ಕೆಂಪು ಮಣ್ಣು ಮಗುಚಿಕೊಂಡು ಬೀಳುತ್ತಾ ಬಂತು. ಬೆರಳಗಲದ ಸಾಲು. ಭಾವ ಐವತ್ತು ವರ್ಷ ಮೇಳಿ ಹಿಡಿದವರು. ಮೊಣಕಾಲೂರಿ ಕೂತು ಆ ಸಾಲಿನೊಳಗೆ ಬೆರಳು ಇಟ್ಟು ಆಳ ನೋಡಿದರು. "ಸಾಲು ನೆಟ್ಟಗಿದೆ" ಅಂದರು.

ಈಗ ಎರಡನೇ ಎಂಜಿನ್ನಿನ ಸಿಲಿಂಡರ್ ಲೇತ್ ಮೇಲಿದೆ. ಮೊಮ್ಮಗಳು ತನ್ನ ಸಿಳ್ಳೆ ಯಾವುದು ಅಂತ ಆಗಲೇ ಆರಿಸಿಕೊಂಡಿದ್ದಾಳೆ. ಒಂದು ಸಲ ಊದಿದರೆ ತಾತ ಎಳೆಯಬೇಕು, ಎರಡು ಸಲ ಊದಿದರೆ ನಿಲ್ಲಿಸಬೇಕು.

ನಮಸ್ಕಾರ.